ಬಯಕೆಗೆ ಬಾರದ ಅಮ್ಮ

ನನ್ನ ಜನ್ಮದಲ್ಲಿ ನಾನು ಮಾಡಿಸಿದ್ದು ಒಂದೇ ಒಂದು ಬಯಕೆ. ನಮ್ಮ ಪುತ್ತೂರು ಕಡೆ ಸೀಮಂತವನ್ನು ಬಯಕೆ ಎನ್ನುತ್ತಾರೆ. ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ಮಡಿಲು ತುಂಬಿ, ಅವಳಿಗೆ ಆಸೆಯಾದದ್ದನ್ನೆಲ್ಲ ಬಡಿಸಿ, ತಾಯಿಮನೆಯವರ ಜೊತೆ ಹೆರಿಗೆಗೆ ಕಳಿಸಿಕೊಡುವ ದಿನ ಅದು. ನಾನು ಮಾಡಿಸಿದ ಬಯಕೆಯನ್ನು ನೋಡಿದವರು ಬಹಳ ವರ್ಷ ಹೊಗಳಿದರು. ಗಂಡಸರೂ ಹೆಂಗಸರೂ ಒಂದೇ ಚಾಪೆಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕ ಅಂಥ ಬಯಕೆ ಪೇಟೆಯಲ್ಲಿ ಬೇರೆ ಆಗಿಲ್ಲ ಎಂದರು. ಆ ಮಾತು ಬಂದಾಗಲೆಲ್ಲ ನಾನು ಏನೋ ನೆಪ ಹೇಳಿ ಎದ್ದು ಒಳಗೆ ಹೋಗುತ್ತಿದ್ದೆ. ಯಾಕೆ ಎಂದು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಈಗ ಬರೆಯುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಸೆಟ್ ಹಾಕಿ ಬೋರ್ಡಿನ ಮುಂದೆ ಕೂತರೆ ಊರಿನ ಹೆರಿಗೆ, ಸಾವು, ಮದುವೆ, ಜಗಳ ಎಲ್ಲವೂ ನಮ್ಮ ಬೆರಳುಗಳ ಮೂಲಕವೇ ಹೋಗಬೇಕು. ಕೇಳಬಾರದು ಎಂಬ ನಿಯಮ ಇತ್ತು. ಕೇಳದೆ ಇರುತ್ತಿದ್ದೆವು ಎಂದರೆ ನೀವು ನಂಬುವುದು ಬೇಡ.

ನಾನು ಬಯಕೆ ಮಾಡಿಸಿದವಳು ನನ್ನ ಪಕ್ಕದ ಬೋರ್ಡಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು ವರ್ಷ. ಕಡಬದ ಹತ್ತಿರ ಕೋಡಿಂಬಾಳದ ಹುಡುಗಿ. ಸುಳ್ಯಕ್ಕೆ ಟ್ರಂಕ್ ಕಾಲ್ ಹಾಕುವಾಗ ಆ ಕಡೆಯ ಬೋರ್ಡಿನಲ್ಲಿ ಒಬ್ಬ ಹುಡುಗ ಸಿಗುತ್ತಿದ್ದ. ಮೊದಲು ನಂಬರು ಮಾತ್ರ, ಆಮೇಲೆ ಊಟ ಆಯಿತಾ ಎಂಬ ವಿಚಾರಣೆ, ಆಮೇಲೆ ಮಳೆ ಬಂತಾ ಎಂಬ ವಿಚಾರಣೆ. ಸುಳ್ಯದಲ್ಲಿ ಮಳೆ ಬಂದರೆ ಪುತ್ತೂರಿನ ಇವಳಿಗೇನು ಎಂದು ನಾನು ಒಂದು ದಿನ ಕೇಳಿದಾಗ ಅವಳ ಮುಖ ಕೆಂಪಾಯಿತು. ಒಂದು ವರ್ಷ ಮುಖ ನೋಡದೆ ಮಾತಾಡಿದರು. ಮುಖ ನೋಡಿದ ಮೂರು ತಿಂಗಳಿಗೆ ರಿಜಿಸ್ಟರ್ ಮದುವೆಯಾದರು. ಜಾತಿ ಬೇರೆ. ಸಾಕ್ಷಿಗೆ ಸಹಿ ಹಾಕಿದ್ದು ನಾನು ಮತ್ತು ನನ್ನ ಗಂಡ. ಹುಡುಗನಿಗೆ ತಂದೆ ತಾಯಿ ಇರಲಿಲ್ಲ, ಇದ್ದ ಒಬ್ಬ ಅಣ್ಣ ನಿನ್ನ ಹಣೆಬರಹ ಎಂದು ಕೈ ತೊಳೆದುಕೊಂಡ. ಅವಳ ತಂದೆ, ಇನ್ನು ಈ ಮನೆಯ ಮೆಟ್ಟಿಲು ಹತ್ತಬೇಡ ಎಂದು ಒಂದು ಕಾರ್ಡು ಬರೆದರು. ಕಾರ್ಡು ಓದುವ ಅಂಚೆಯವನಿಗೂ ಗೊತ್ತಾಗಲಿ ಎಂಬ ಉದ್ದೇಶ ಇದ್ದಿರಬೇಕು.

ಹುಡುಗ ಪುತ್ತೂರಿಗೆ ವರ್ಗ ಮಾಡಿಸಿಕೊಂಡ. ನಾವಿದ್ದ ಬಾಡಿಗೆ ಮನೆಗೆ ತಾಗಿ ಇನ್ನೊಂದು ಬಿಡಾರ ಖಾಲಿ ಇತ್ತು, ಅದನ್ನೇ ಅವರಿಗೆ ಕೊಡಿಸಿದೆ. ನಮಗೆ ಮದುವೆಯಾಗಿ ಹದಿನಾಲ್ಕು ವರ್ಷ ಆಗಿತ್ತು. ಮಕ್ಕಳಿರಲಿಲ್ಲ. ಗೋಡೆಯ ಆಚೆ ಆ ಇಬ್ಬರು ಮಾತಾಡುವುದು ಕೇಳುತ್ತಿದ್ದರೆ ನಮ್ಮ ಮನೆಯೂ ತುಂಬಿದಂತೆ ಆಗುತ್ತಿತ್ತು.

ಅವಳು ಬಸುರಿಯಾಗಿ ಐದು ತಿಂಗಳಾದಾಗ ಒಂದು ಮಧ್ಯಾಹ್ನ, ಬೋರ್ಡು ಖಾಲಿ ಇದ್ದ ಹೊತ್ತಿನಲ್ಲಿ, ನಾನೇ ಕೇಳಿದೆ. "ನಿನಗೆ ಬಯಕೆ ಮಾಡುವಾ?"

"ಬೇಡ ಅಕ್ಕ," ಎಂದಳು. "ಯಾರಿದ್ದಾರೆ ಮಾಡ್ಲಿಕ್ಕೆ, ಯಾರಿದ್ದಾರೆ ಬರ್ಲಿಕ್ಕೆ." ಹೆಡ್‌ಸೆಟ್ ತೆಗೆದಿಟ್ಟು ಮತ್ತೆ, "ಅಮ್ಮ ಒಮ್ಮೆ ಬಂದು ಒಂದು ಮುಷ್ಟಿ ಅಕ್ಕಿ ಮಡಿಲಿಗೆ ಹಾಕಿದ್ರೆ ನನಗೆ ಬೇರೆ ಎಂತದೂ ಬೇಡ. ಮತ್ತೆ ನಾನು ಹೆದರುದಿಲ್ಲ," ಎಂದಳು.

ಹೆರಿಗೆಯೆಂದರೆ ಅವಳಿಗೆ ಜೀವ ಹೋಗುವಷ್ಟು ಭಯ ಇತ್ತು. ಅವಳ ಚಿಕ್ಕಮ್ಮ ಚೊಚ್ಚಲ ಹೆರಿಗೆಯಲ್ಲೇ ಹೋಗಿದ್ದರಂತೆ. ತಾಯಿಯ ಕೈಯ ಮೊದಲ ಮುಷ್ಟಿ ಬಿದ್ದರೆ ಏನೂ ಆಗುವುದಿಲ್ಲ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅವಳ ಅಮ್ಮನನ್ನು ಕರೆಸುವ ಕೆಲಸ ನನ್ನದು ಎಂದು ಆ ಕ್ಷಣವೇ ಹೇಳಿದೆ. ನನಗೆ ಇಂಥದ್ದಕ್ಕೆಲ್ಲ ಹುಮ್ಮಸ್ಸು ಜಾಸ್ತಿ.

ನಾನು ಆಗ ಕಟ್ಟುಕಟ್ಟಳೆ ಎಂದರೆ ಉರಿದು ಬೀಳುವ ಹೆಂಗಸು. ಅದಕ್ಕೆ ಕಾರಣವೂ ಇತ್ತು. ನನ್ನ ನಾದಿನಿಯ ಬಯಕೆಯಲ್ಲಿ ಮಡಿಲು ತುಂಬುವ ಹೊತ್ತಿಗೆ ಸರಿಯಾಗಿ ಒಬ್ಬರು, "ನೀನು ಒಳಗೆ ಪಾಯಸ ನೋಡು, ಅಡಿ ಹಿಡಿದೀತು," ಎಂದಿದ್ದರು. ಪಾಯಸ ಒಲೆಯಿಂದ ಇಳಿಸಿ ಅರ್ಧ ಗಂಟೆ ಆಗಿತ್ತು. ಮಕ್ಕಳಾಗದವಳ ಕೈ ಬಸುರಿಯ ಮಡಿಲಿಗೆ ಆಗದು ಎಂದು ಬಾಯಿಬಿಟ್ಟು ಹೇಳುವ ಬದಲು ಹಾಗೆ ಹೇಳಿದ್ದು. ನಾನು ಹೋಗಿ ತಣ್ಣಗಾಗುತ್ತಿದ್ದ ಪಾಯಸವನ್ನು ಸೌಟಿನಲ್ಲಿ ತಿರುಗಿಸುತ್ತಾ ನಿಂತಿದ್ದೆ. ಅದರ ನಂತರ ನಾಲ್ಕು ಬಯಕೆಗಳಿಗೆ ಹೋಗಲಿಲ್ಲ.

ಹಾಗಾಗಿ ನನ್ನ ಬಯಕೆಯಲ್ಲಿ ನಿಯಮವೇ ಇರಬಾರದು ಎಂದು ತೀರ್ಮಾನಿಸಿದೆ. ಗಂಡಸರು ಅಂಗಳದಲ್ಲಿ ಉಂಡು ಎದ್ದು ಹೋಗುವುದು, ಹೆಂಗಸರು ಒಳಗೆ ಪಿಸುಗುಟ್ಟುವುದು, ಯಾರು ಮುಟ್ಟಬಹುದು ಯಾರು ಮುಟ್ಟಬಾರದು, ಅದೆಲ್ಲ ಬೇಡ. ಎಕ್ಸ್‌ಚೇಂಜಿನವರೆಲ್ಲ ಬರಲಿ, ಎಲ್ಲರೂ ಮಡಿಲು ತುಂಬಲಿ. ಹುಡುಗನ ಕಡೆಯ ಮನೆ ನಮ್ಮದೇ ಎಂದು ಇಟ್ಟುಕೊಂಡರೆ ಹುಡುಗಿಯ ಕಡೆಯಿಂದ ಅಮ್ಮ ಒಬ್ಬರು ಬಂದರೆ ಸಾಕು.

"ಕೋಡಿಂಬಾಳಕ್ಕೆ ನಾನೂ ಬರ್ತೇನೆ," ಎಂದರು ನನ್ನ ಗಂಡ. ಅವರು ಸಹಕಾರ ಸಂಘದಲ್ಲಿ ಗುಮಾಸ್ತರು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. "ವೀಳ್ಯ ಹಿಡ್ಕೊಂಡು ಇಬ್ಬರೂ ಹೋಗಿ ಕ್ರಮದಲ್ಲಿ ಹೇಳುವ."

ಅವರು ಹೇಳಿದ್ದು ನನಗೂ ಗೊತ್ತಿದ್ದದ್ದೇ. ನಮ್ಮಲ್ಲಿ ಒಂದು ಕಾರ್ಯಕ್ಕೆ ಕರೆಯಬೇಕಾದರೆ ಗಂಡ ಹೆಂಡತಿ ಜೊತೆಯಾಗಿ ಹೋಗಿ, ಮನೆಯ ಹಿರಿಯರ ಎದುರು ವೀಳ್ಯದೆಲೆ ಅಡಿಕೆ ಇಟ್ಟು, ಇಂಥ ದಿನ ಇಂಥ ಕಾರ್ಯ, ನೀವು ಬಂದು ನಡೆಸಿಕೊಡಬೇಕು ಎಂದು ಹೇಳಬೇಕು. ದಾರಿಯಲ್ಲಿ ಸಿಕ್ಕಾಗ ಹೇಳಿದ್ದು, ಕಾಗದ ಬರೆದದ್ದು ಸುದ್ದಿ ಮಾತ್ರ, ಕರೆದದ್ದಲ್ಲ.

"ಅವಳ ಅಪ್ಪ ಎಲೆ ಅಡಿಕೆಯನ್ನು ಅಂಗಳಕ್ಕೆ ಬಿಸಾಡ್ತಾರೆ," ಎಂದೆ. "ಆ ಅಮ್ಮನಿಗೆ ಯಾಕೆ ಪೆಟ್ಟು ತಿನ್ನಿಸುದು? ಗಂಡಸರು ಇಲ್ಲದ ಹೊತ್ತಿಗೆ ಹೋಗಿ ಕಿವಿಗೆ ಹಾಕಿ ಬರ್ತೇನೆ. ಮಗಳ ಮೇಲೆ ಆಸೆ ಇದ್ರೆ ಹೇಗಾದ್ರೂ ಬರ್ತಾರೆ."

"ಹಾಗೆ ಬರ್ಲಿಕ್ಕೆ ಆಗುದಿಲ್ಲ ಮಾರಾಯ್ತಿ," ಎಂದರು. ನಾನು ಅವರ ಮಾತು ಕೇಳುವ ಹೆಂಗಸಾಗಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಶಿವರಾತ್ರಿ ಹತ್ತಿರ ಬಂದಿತ್ತು. ಕಡಬದಲ್ಲಿ ಬಸ್ಸಿಳಿದು ಕೋಡಿಂಬಾಳಕ್ಕೆ ನಡೆದೆ. ಅವಳ ಅಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಸಣ್ಣ ಆಳು, ನೆತ್ತಿಯಲ್ಲಿ ಕೂದಲು ಉದುರಿತ್ತು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ಒಳಗೆ ಹೋಗಿ ಬೆಲ್ಲ ನೀರು ತಂದರು.

"ಹೇಗಿದ್ದಾಳೆ?" ಎಂದು ಕೇಳಿದರು. "ಊಟ ಸೇರ್ತದಾ? ಕಾಲು ಬಾತಿದೆಯಾ? ಹೆದರ್ತಾಳಾ?"

ಎಲ್ಲಕ್ಕೂ ಉತ್ತರ ಕೊಟ್ಟೆ. ಬಯಕೆಯ ದಿನ ಹೇಳಿದೆ. ಅವರು ಮತ್ತೆ ಒಳಗೆ ಹೋದರು. ಈ ಸಲ ಒಂದು ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣ ಇಟ್ಟು ತಂದು ನಮ್ಮಿಬ್ಬರ ನಡುವೆ ಇಟ್ಟರು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಹರಿವಾಣವನ್ನು ನನ್ನ ಕಡೆಗೆ ಸ್ವಲ್ಪ ದೂಡಿದರು.

"ನಾನು ಎಲೆ ತಿನ್ನುದಿಲ್ಲ ಅಮ್ಮ," ಎಂದು ನಾನು ಅದನ್ನು ಪಕ್ಕಕ್ಕೆ ಸರಿಸಿದೆ.

ಅವರು ಹರಿವಾಣವನ್ನೇ ನೋಡುತ್ತಾ, "ಬಯಕೆ ಮಾಡುದು ಯಾರು?" ಎಂದರು.

"ನಾವೇ ಆಫೀಸಿನವರು. ಶಾಸ್ತ್ರ ಎಂತದೂ ಇಲ್ಲ. ಎಲ್ಲರೂ ಸೇರಿ ಸ್ವಲ್ಪ ತಮಾಷೆಗೆ."

"ತಮಾಷೆಗಾ?"

"ನಿಮಗೆ ಗೊತ್ತಿರ್ಲಿ ಅಂತ ಹೇಳಿದ್ದು. ಬರ್ಲೇಬೇಕು ಅಂತ ಒತ್ತಾಯ ಇಲ್ಲ. ಮನೆಯವರಿಗೆಲ್ಲ ಗೊತ್ತಾಗಿ ನಿಮಗೆ ತೊಂದರೆ ಆಗುದು ಬೇಡ."

ಬಹಳ ಸೂಕ್ಷ್ಮವಾಗಿ ನಡೆದುಕೊಂಡೆ ಎಂದು ನನ್ನ ಮೇಲೆ ನನಗೇ ಮೆಚ್ಚುಗೆಯಾಯಿತು. ಆ ಅಮ್ಮ ಹರಿವಾಣವನ್ನು ಎತ್ತಿಕೊಂಡು ಒಳಗೆ ಹೋದರು. ಹೊರಡುವಾಗ ಒಂದು ಬಾಟ್ಲಿಯಲ್ಲಿ ಮಿಡಿ ಉಪ್ಪಿನಕಾಯಿ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ, ನನ್ನ ಚೀಲದಲ್ಲಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ.

ಊರಿಗೆ ಬಂದು ಬಾಟ್ಲಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಕಟ್ಟಿದ್ದ ಬಟ್ಟೆಯನ್ನು ಮೂಸಿದಳು. ಅದು ಅಮ್ಮನ ಹಳೆಯ ಸೀರೆಯ ತುಂಡಂತೆ. "ಬರ್ತಾರಾ ಅಕ್ಕ?" ಎಂದು ಕೇಳಿದಳು.

"ಬರ್ತಾರೆ," ಎಂದೆ.

ಈ ಮಾತು ಯಾಕೆ ಬಂತೋ ತಿಳಿಯದು. ಆ ಮುಖ ನೋಡಿ ಬೇರೆ ಉತ್ತರ ಹೇಳಲು ನನ್ನಿಂದ ಆಗಲಿಲ್ಲ.

ಬಯಕೆಯ ದಿನ ಆದಿತ್ಯವಾರ. ಬೆಳಿಗ್ಗೆಯೇ ಅವರ ಬಿಡಾರದ ಹಿತ್ತಲಲ್ಲಿ ಗಂಡಸರು ಸೇರಿ ಕೋಳಿ ಸಾರಿಗೆ ಮಸಾಲೆ ಕಡೆದರು, ನೀರುದೋಸೆ ಹೊಯ್ದರು. ಮೊದಲ ಹತ್ತು ದೋಸೆ ಕಾವಲಿಗೆ ಅಂಟಿ ಹರಿದದ್ದು ನಾಯಿಗೆ ಹೋಯಿತು. ಮಲ್ಲಿಗೆ ಬಂತು. ನಮ್ಮ ಲೈನ್‌ಮನ್ ಒಬ್ಬರು, ಬ್ಯಾರಿ ಮುಸಲ್ಮಾನರು, ಅವರ ತಮ್ಮ ಗಲ್ಫಿನಿಂದ ತಂದಿದ್ದ ಟೇಪ್ ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿ ತಂದರು. ಅದಕ್ಕೊಂದು ಖಾಲಿ ಕ್ಯಾಸೆಟ್ಟೂ ಇತ್ತು. ಎಲ್ಲ ಗಂಡಸರೂ ಒಂದೊಂದು ಜೋಗುಳ ಹಾಡಬೇಕು, ಹುಟ್ಟುವ ಮಗುವಿಗೆ ಅದನ್ನು ಕೇಳಿಸುವುದು ಎಂದು ನಾನು ಆಟ ಇಟ್ಟಿದ್ದೆ.

ಇನ್ನೊಂದು ಆಟ, ಸಿಪ್ಪೆ ಸುಲಿದ ತೆಂಗಿನಕಾಯಿಗೆ ಲಂಗೋಟಿ ಕಟ್ಟುವುದು. ನಮ್ಮ ಸೂಪರ್‌ವೈಸರು ಕಟ್ಟಿದ ಲಂಗೋಟಿ ಎತ್ತಿದ ಕೂಡಲೇ ಕಳಚಿ ಬಿತ್ತು. "ಮಗು ಓಡಿ ಹೋಯ್ತು ಸಾರ್," ಎಂದು ಹುಡುಗಿಯರು ಕೂಗಿದರು. ಮತ್ತೆ ಗಂಡಸರು ಒಬ್ಬೊಬ್ಬರೇ ಬಸುರಿಯಾಗಿದ್ದರೆ ತಮಗೆ ಏನು ತಿನ್ನಲು ಆಸೆಯಾಗುತ್ತಿತ್ತು ಎಂದು ಹೇಳಬೇಕು. ಒಬ್ಬ ಬೂತಾಯಿ ಮೀನು ಎಂದ, ಒಬ್ಬ ಹಲಸಿನ ಹಪ್ಪಳ ಎಂದ. ಅವಳ ಗಂಡ ನಾಚಿಕೊಂಡು, "ಇವಳು ಬಡಿಸಿದ್ದು ಎಂತದಾದ್ರೂ ಆಗ್ತದೆ," ಎಂದ. ಎಲ್ಲರೂ ಅವನ ಬೆನ್ನಿಗೆ ಗುದ್ದಿದರು.

ಅವಳು ಹಸಿರು ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು, ಮಣೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನಗುತ್ತಲೂ ಇದ್ದಳು. ಆದರೆ ಗೇಟಿನ ಸದ್ದಾದರೆ ಅವಳ ನಗು ಅರ್ಧದಲ್ಲಿ ನಿಲ್ಲುತ್ತಿತ್ತು. ಕಡಬದ ಬಸ್ಸು ಹನ್ನೊಂದಕ್ಕೆ ಒಂದು, ಒಂದೂವರೆಗೆ ಒಂದು. ಹನ್ನೊಂದರದ್ದು ಬಂದು ಹೋಯಿತು. ಒಂದೂವರೆಯದ್ದಕ್ಕೆ ಅವಳ ಗಂಡ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತ. ಊಟವನ್ನು ತಡೆಹಿಡಿದೆವು. ಮೊದಲ ಮುಷ್ಟಿ ತಾಯಿಯದ್ದು ಎಂದು ಅಕ್ಕಿಯ ಗೆರಸೆ ಹಾಗೇ ಇತ್ತು. ಹುಡುಗ ಒಬ್ಬನೇ ಹಿಂದೆ ಬಂದ. ಅವನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅವಳಿಗೆ ಗೊತ್ತಾಯಿತು.

ಲೈನ್‌ಮನ್ ಆಗ ಒಳ್ಳೆಯ ಕೆಲಸ ಮಾಡಿದರು. ಯಾರೂ ಹೇಳದೆಯೇ ಟೇಪ್ ರೆಕಾರ್ಡರನ್ನು ಹತ್ತಿರ ಎಳೆದುಕೊಂಡು ತಮ್ಮ ಭಾಷೆಯಲ್ಲಿ ಒಂದು ಜೋಗುಳ ಹಾಡಿದರು. ಕಂಬ ಹತ್ತಿ ಹತ್ತಿ ಕೈಯೆಲ್ಲ ದಡ್ಡುಗಟ್ಟಿದ್ದ ಆ ದೊಡ್ಡ ಮನುಷ್ಯನ ದನಿ ಅಷ್ಟು ಮೆತ್ತಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮುಗಿದ ಮೇಲೆ, "ನಮ್ಮ ಉಮ್ಮ ಹಾಡ್ತಾ ಇದ್ದದ್ದು," ಎಂದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಮೂರು ಗಂಟೆಗೆ ಎಲ್ಲರಿಗೂ ಹಸಿವಾಗಿತ್ತು. ನಾನು ಎದ್ದು ಗೆರಸೆಯಿಂದ ಮೊದಲ ಮುಷ್ಟಿ ಅಕ್ಕಿ ತೆಗೆದು ಅವಳ ಮಡಿಲಿಗೆ ಹಾಕಿದೆ. ಅವಳು ನನ್ನ ಮುಖ ನೋಡಲಿಲ್ಲ. ಬಾಗಿಲನ್ನು ನೋಡುತ್ತಿದ್ದಳು. ಇದನ್ನೂ ಬರೆಯಬೇಕು, ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ: ಅಕ್ಕಿ ಬಿದ್ದಾಗ ನನ್ನೊಳಗೆ ಒಂದು ಖುಷಿ ಎದ್ದಿತು. ಪಾಯಸ ತಿರುಗಿಸಲು ಅಟ್ಟಿದ್ದವರೆಲ್ಲ ಬಂದು ನೋಡಲಿ ಅನಿಸಿತು. ನನ್ನ ಹಿಂದೆ ಗಂಡಸರು, ಹೆಂಗಸರು, ಎಲ್ಲರೂ ಒಂದೊಂದು ಮುಷ್ಟಿ ಹಾಕಿದರು. ಮಡಿಲು ಭಾರವಾಗಿ ಅವಳಿಗೆ ಏಳಲು ಆಗಲಿಲ್ಲ. ಅವಳ ಗಂಡನೂ ನಾನೂ ಎರಡು ಕಡೆಯಿಂದ ಹಿಡಿದು ಎಬ್ಬಿಸಿದೆವು.

ಮಡಿಲಕ್ಕಿಯನ್ನು ತಾಯಿಮನೆಯಲ್ಲಿ ಬಿಚ್ಚಬೇಕು. ಹುಡುಗನ ಕಡೆಯವಳಾಗಿದ್ದ ನಾನೇ ಈಗ ತಾಯಿಯ ಕಡೆಯವಳಾಗಿ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಒಂದೇ ಗೋಡೆಯ ಆಚೆ ಈಚೆ. ಹತ್ತು ಹೆಜ್ಜೆ ನಡೆದರೆ ತಾಯಿಮನೆ. ಜನ ಚಪ್ಪಾಳೆ ತಟ್ಟಿದರು.

ಎರಡು ದಿನ ಬಿಟ್ಟು ಕ್ಯಾಸೆಟ್ಟು ಹಾಕಿ ಕೇಳಿದೆವು. ಸೂಪರ್‌ವೈಸರ ಅಪಸ್ವರ, ಹುಡುಗಿಯರ ಕೇಕೆ, ಪಾತ್ರೆಗಳ ಸದ್ದು. ಅದರ ನಡುವೆ ನಡುವೆ, ಯಂತ್ರದ ಹತ್ತಿರವೇ ಕೂತಿದ್ದ ಅವಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. "ಯಾರು ಬಂದದ್ದು?" ಮತ್ತೆ ಸ್ವಲ್ಪ ಹೊತ್ತಿಗೆ, "ಯಾರು ಬಂದದ್ದು?" ಏಳೆಂಟು ಸಲ ಇರಬೇಕು. ಅವಳು ಗುಂಡಿ ಒತ್ತಿ ನಿಲ್ಲಿಸಿದಳು.

"ನೀವು ಬರ್ತಾರೆ ಅಂತ ಹೇಳದಿದ್ರೆ ನಾನು ಅವತ್ತು ಎಲ್ಲರ ಹಾಗೆ ನಗ್ತಿದ್ದೆ ಅಕ್ಕ," ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಮತ್ತೆ ಕೇಳಿದಳು, "ಯಾಕೆ ಬರ್ಲಿಲ್ಲ?"

ನನಗೆ ಆ ಅಮ್ಮನ ಮೇಲೆ ಕೆಂಡದಂಥ ಕೋಪ ಇತ್ತು. ನನ್ನನ್ನು ಸುಳ್ಳುಗಾತಿ ಮಾಡಿದರಲ್ಲ ಎಂಬ ಕೋಪ. "ಮನಸ್ಸಿಲ್ಲದವರನ್ನು ಎಳ್ಕೊಂಡು ಬರ್ಲಿಕ್ಕೆ ಆಗ್ತದಾ?" ಎಂದೆ. "ಉಪ್ಪಿನಕಾಯಿ ಕೊಟ್ಟು ಕೈ ತೊಳ್ಕೊಂಡ್ರು. ಅಂಥ ತಾಯಿಯನ್ನು ಮರೆತುಬಿಡು." ಅವಳು ತಲೆಯಾಡಿಸಿದಳು. ಅಂದಿನಿಂದ ಅವಳ ಬಾಯಲ್ಲಿ ಅಮ್ಮ ಎಂಬ ಮಾತು ಬರಲಿಲ್ಲ.

ಹೆಣ್ಣು ಮಗು ಹುಟ್ಟಿತು. ಹೆರಿಗೆ ಸುಖವಾಗಿಯೇ ಆಯಿತು, ಆದರೆ ನೋವು ತಿನ್ನುವಾಗ ಅವಳು ಒಮ್ಮೆಯೂ ಅಮ್ಮಾ ಎಂದು ಕೂಗಲಿಲ್ಲ. ಬಾಣಂತನ ನಮ್ಮ ಮನೆಯಲ್ಲಿ. ನಾನು ಎರಡು ತಿಂಗಳು ರಜೆ ಹಾಕಿದೆ. ಕುಚ್ಚಲಕ್ಕಿ ಗಂಜಿ, ಒಳ್ಳೆಮೆಣಸಿನ ಸಾರು, ಎಣ್ಣೆ, ಬಿಸಿನೀರು. ಮಗು ನನ್ನ ಎದೆಯ ಮೇಲೆ ನಿದ್ದೆ ಹೋಗುತ್ತಿತ್ತು. ಅದಕ್ಕೆ ಮೊದಲು ಬಂದ ಮಾತುಗಳಲ್ಲಿ ಒಂದು ದೊಡ್ಡಮ್ಮ. ಹದಿನಾಲ್ಕು ವರ್ಷ ಬರಿದಾಗಿದ್ದ ಮನೆಯಲ್ಲಿ ತೊಟ್ಟಿಲ ಹಗ್ಗ ಕಿರುಗುಟ್ಟುವುದು ಕೇಳುತ್ತಾ ನಾನು ಎಷ್ಟು ಸುಖಪಟ್ಟೆ ಎಂದು ಹೇಳಿದರೆ ಮುಗಿಯುವುದಿಲ್ಲ.

ಮಗುವಿಗೆ ಒಂದೂವರೆ ವರ್ಷ ಆದಾಗ ಕಡಬದ ಎಕ್ಸ್‌ಚೇಂಜಿನಲ್ಲಿ ಒಬ್ಬರು ರಜೆ ಹೋಗಿ, ಮೂರು ವಾರ ನಾನು ಅಲ್ಲಿ ಕೆಲಸ ಮಾಡಬೇಕಾಯಿತು. ಒಂದು ಬೆಳಿಗ್ಗೆ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಅವಳ ಅಮ್ಮ. ಇನ್ನೂ ಸಣ್ಣಗಾಗಿದ್ದರು. ಸಂತೆಯ ಚೀಲವನ್ನು ಎದೆಗೆ ಅವಚಿಕೊಂಡಿದ್ದರು.

"ನೀವು ಇಲ್ಲಿಗೆ ಬಂದಿದ್ದೀರಿ ಅಂತ ಅಂಗಡಿಯಲ್ಲಿ ಹೇಳಿದ್ರು," ಎಂದರು. "ಮಗು ಯಾರ ಹಾಗೆ ಉಂಟು?"

ನಾನು ನೆಟ್ಟಗೆ ಉತ್ತರ ಕೊಡಲಿಲ್ಲ. "ಬಯಕೆಗೆ ಬರ್ಲಿಕ್ಕೆ ಆಗ್ಲಿಲ್ಲ, ಈಗ ಮಗು ಯಾರ ಹಾಗೆ ಉಂಟು ಅಂತ ಯಾಕೆ?" ಎಂದೆ.

ಅವರು ಚೀಲವನ್ನು ಕೆಳಗಿಟ್ಟರು. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೀವು ಕರೆಯಲಿಲ್ಲ," ಎಂದರು.

"ಬಂದಿದ್ದೆನಲ್ಲ."

"ಬಂದ್ರಿ. ಸುದ್ದಿ ಹೇಳಿದ್ರಿ. ನಾನು ಹರಿವಾಣ ತಂದಿಟ್ಟೆ. ನಮ್ಮ ಮನೆಯ ಎಲೆಯೇ ಆಗ್ಲಿ, ಒಂದು ತೆಗೆದು ನನ್ನ ಕೈಗಿಟ್ಟು ಬನ್ನಿ ಅಂದಿದ್ರೆ ಆಗ್ತಿತ್ತು. ನೀವು ಆಚೆ ದೂಡಿದ್ರಿ." ಅವರು ಉಸಿರು ತೆಗೆದುಕೊಂಡು ಮುಂದುವರಿಸಿದರು. "ಇವರು ಮೊದಲೇ ಹೇಳಿದ್ರು. ನಾವಾಗಿ ಹೋಗುದಿಲ್ಲ, ಕ್ರಮದಲ್ಲಿ ಕರೆದ್ರೆ ಒಬ್ಬರು ಹೋಗಿ ಬರ್ಬೇಕು ಅಂತ. ಎಷ್ಟು ಹಗೆ ಇದ್ರೂ ಕರೆದ ಕಾರ್ಯಕ್ಕೆ ಮನೆಗೊಬ್ಬರು ಹೋಗದಿದ್ರೆ ಆಗುದಿಲ್ಲ, ಅದು ಇವರಿಗೂ ಗೊತ್ತುಂಟು. ಅವಳು ಬಸುರಿ ಅಂತ ಸುದ್ದಿ ಸಿಕ್ಕಿದಂದಿನಿಂದ ಯಾರಾದ್ರೂ ಬರ್ತಾರೆ, ವೀಳ್ಯ ತರ್ತಾರೆ ಅಂತಲೇ ನಾನು ಕೂತದ್ದು. ನೀವು ಗುಟ್ಟಾಗಿ ಹೇಳಿ ಹೋದ್ರಿ. ಅದನ್ನು ಹಿಡ್ಕೊಂಡು ನಾನು ಇವರ ಹತ್ತಿರ ಹೋಗ್ತೇನೆ ಅಂತ ಹೇಗೆ ಕೇಳುದು?"

"ಅವತ್ತೇ ನನ್ನ ಹತ್ತಿರ ಹೇಳ್ಬಹುದಿತ್ತಲ್ಲ ಅಮ್ಮ."

"ಕೇಳಿ ಪಡ್ಕೊಳ್ಳುವ ಕರೆ ಎಂಥ ಕರೆ?" ಎಂದರು. "ಮಗಳ ಬಯಕೆಗೆ ನನ್ನನ್ನು ಕರೀರಿ ಅಂತ ಬಾಯಿಬಿಟ್ಟು ಕೇಳ್ಲಿಕ್ಕೆ ನನಗೆ ಆಗ್ಲಿಲ್ಲ."

ಅವರಿಗೆ ಅಪ್ಪಣೆ ಕೊಡಿಸಬಹುದಾಗಿದ್ದ ಒಂದೇ ದಾರಿಯನ್ನು ಅವರಿಗೆ ಉಪಕಾರ ಮಾಡುತ್ತೇನೆ ಎಂದುಕೊಂಡು ನಾನೇ ಮುಚ್ಚಿದ್ದೆ. ಕ್ರಮ, ಶಾಸ್ತ್ರ ಎಂದರೆ ನನ್ನಂಥವಳನ್ನು ಹೊರಗಿಡಲು ಇರುವುದು ಎಂದು ತಿಳಿದಿದ್ದೆ. ಆ ಮನೆಯಲ್ಲಿ ಬಾಯಿಯಿಲ್ಲದ ಒಬ್ಬ ಹೆಂಗಸಿಗೆ ಮನೆಯಿಂದ ಹೊರಗೆ ಕಾಲಿಡಲು ಇದ್ದದ್ದೂ ಅದೊಂದೇ. ಎದುರು ಬೋರ್ಡಿನಲ್ಲಿ ದೀಪ ಹತ್ತಿ ಹತ್ತಿ ಆರುತ್ತಿತ್ತು. ಯಾರೋ ಕಾಲ್ ಕೇಳುತ್ತಿದ್ದರು. ನನಗೆ ಕೈ ಎತ್ತಲು ಆಗಲಿಲ್ಲ.

"ಏಳು ಬಗೆ ತಿಂಡಿಯ ಹಿಟ್ಟು ಮಾಡಿಟ್ಟಿದ್ದೆ," ಎಂದರು ಅವರು. "ಅದು ಹೋಗ್ಲಿ. ಒಂದು ಉಪಕಾರ ಮಾಡಿ. ಅಮ್ಮ ಬರುದಿಲ್ಲ ಅಂತ ಹೇಳಿದ್ದಲ್ಲ, ಅಮ್ಮನನ್ನು ಕರೆದಿರಲಿಲ್ಲ ಅಂತ ಅವಳಿಗೆ ತಿಳಿಸಿ. ಅಷ್ಟು ಗೊತ್ತಾದ್ರೆ ಸಾಕು. ಹೇಳ್ತೀರಾ?"

"ಇವತ್ತೇ ಹೇಳ್ತೇನೆ," ಎಂದೆ. ಅವರು ನನಗೆ ಕೈ ಮುಗಿದು ಹೋದರು.

ಆ ಸಂಜೆ ಬಸ್ಸಿನಲ್ಲಿ ಮಾತು ಹೊಂದಿಸಿಕೊಂಡೇ ಬಂದೆ. ಮನೆಯ ಅಂಗಳದಲ್ಲಿ ಮಗು ದೊಡ್ಡಮ್ಮ ಎಂದು ಓಡಿ ಬಂದು ಕಾಲಿಗೆ ಸುತ್ತಿಕೊಂಡಿತು. ನಾಳೆ ಹೇಳುವ ಅನಿಸಿತು. ನಾಳೆ ಆದಿತ್ಯವಾರ ಅನಿಸಿತು. ಮಗುವಿಗೆ ಜ್ವರ ಬಂತು, ಜ್ವರ ಇಳಿಯಲಿ ಅನಿಸಿತು. ನನ್ನ ಗಂಡನಿಗೆ ಮಾತ್ರ ಎಲ್ಲ ಹೇಳಿದೆ. "ಬೇಗ ಹೇಳಿಬಿಡು," ಎಂದರು. ಅವರು ಆ ಮಾತನ್ನು ಮೂರು ಸಲ ಹೇಳಿದರು, ಆಮೇಲೆ ಬಿಟ್ಟರು.

ನೆಪಗಳನ್ನೆಲ್ಲ ಆಚೆ ಇಡುತ್ತೇನೆ. ಹೇಳಿದರೆ ಅವಳು ಮರುದಿನವೇ ಮಗುವನ್ನು ಎತ್ತಿಕೊಂಡು ಕೋಡಿಂಬಾಳಕ್ಕೆ ಓಡುತ್ತಿದ್ದಳು. ಹೋಗಿ ಬರುವವಳೇ ಇರಬಹುದು. ಆದರೆ ಅಲ್ಲಿ ನಿಜವಾದ ಅಜ್ಜಿ ಇದ್ದರು, ಇಲ್ಲಿ ನಾನು ಬರೀ ಪಕ್ಕದ ಮನೆಯವಳಾಗುತ್ತಿದ್ದೆ. ತಪ್ಪು ಒಪ್ಪಿಕೊಳ್ಳುವ ನಾಚಿಕೆಗಿಂತ ಇದು ದೊಡ್ಡದಿತ್ತು. ತಿಳಿಯದೆ ಕಸಿದುಕೊಂಡದ್ದನ್ನು ತಿಳಿದ ಮೇಲೂ ಇಟ್ಟುಕೊಂಡೆ.

ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಕಡಬದಿಂದ ಕಾಲ್ ಬಂತು. ನಾನೇ ಬೋರ್ಡಿನಲ್ಲಿದ್ದೆ. ಅಂಗಡಿಯ ಫೋನಿನಿಂದ ಅವಳ ಅಣ್ಣ ಮಾತಾಡಿದ. ಅಮ್ಮ ಹೋದರು, ನಿನ್ನೆಯಿಂದ ಎದೆನೋವು ಇತ್ತು. "ಅವಳಿಗೆ ತಿಳಿಸಿ," ಎಂದ. "ಅಪ್ಪ ಹೇಳಿದ್ದಾರೆ, ಬರುದಾದ್ರೆ ಬರ್ಲಿ, ಮಧ್ಯಾಹ್ನದವರೆಗೆ ಕಾಯ್ತೇವೆ ಅಂತ."

ಸಾವಿನ ಮನೆಗೆ ಯಾರೂ ಕರೆಯಬೇಕಾಗಿಲ್ಲ, ಸುದ್ದಿ ಮುಟ್ಟಿದರೆ ಸಾಕು. ಬೋರ್ಡನ್ನು ಇನ್ನೊಬ್ಬಳಿಗೆ ಕೊಟ್ಟು ಮನೆಗೆ ಓಡಿದೆ. ಅವಳಿಗೆ ಅವತ್ತು ಮಧ್ಯಾಹ್ನದ ಪಾಳಿ. ನಮ್ಮ ಮನೆಯಲ್ಲಿ ಕೂತು ಮಗುವಿಗೆ ಗಂಜಿ ತಿನ್ನಿಸುತ್ತಿದ್ದಳು. ನನ್ನ ಗಂಡ ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕುತ್ತಿದ್ದರು. ಸುದ್ದಿ ಹೇಳಿದೆ. ಅವಳು ಚಮಚವನ್ನು ಬಟ್ಟಲಲ್ಲಿಟ್ಟಳು.

"ಕಾಯ್ತಾರಂತೆ," ಎಂದೆ. "ಹತ್ತು ಗಂಟೆಗೆ ಬಸ್ಸುಂಟು."

"ಬಯಕೆಗೆ ಕರೆದ್ರೂ ಬರ್ಲಿಲ್ಲ," ಎಂದಳು. "ನಾನು ಬಾಗಿಲು ನೋಡಿ ನೋಡಿ ಸತ್ತೆ ಅವತ್ತು. ಈಗ ನಾನ್ಯಾಕೆ ಹೋಗುದು?"

ಆದರೆ ಅವಳು ಎದ್ದು ನಿಂತಿದ್ದಳು. ಕೈ ತೊಳೆಯಲಿಲ್ಲ, ಮಗುವಿನ ಬಾಯಿ ಒರೆಸಲಿಲ್ಲ, ಗೋಡೆಯ ಗಡಿಯಾರವನ್ನು ನೋಡುತ್ತಿದ್ದಳು. ಹೋಗಬೇಕು ಎಂದು ಅವಳ ಮೈಯೆಲ್ಲ ಹೇಳುತ್ತಿತ್ತು. ಮತ್ತೆ ನನ್ನ ಹತ್ತಿರ ಬಂದು ಕೇಳಿದಳು.

"ಅಕ್ಕ, ನೀವು ಅವತ್ತು ಅಮ್ಮನನ್ನು ಸರಿಯಾಗಿ ಕರೆದಿದ್ರಲ್ವಾ? ವೀಳ್ಯ ಇಟ್ಟು?"

ನನ್ನ ಗಂಡ ಒಂದು ಚಪ್ಪಲಿ ಹಾಕಿದವರು ಹಾಗೇ ನಿಂತು ನನ್ನನ್ನು ನೋಡಿದರು.

"ಕರೆದಿದ್ದೆ," ಎಂದೆ.

ಅವಳು ಕೂತು ಮಗುವಿಗೆ ಉಳಿದ ಗಂಜಿ ತಿನ್ನಿಸಿದಳು. ಹತ್ತು ಗಂಟೆಯ ಬಸ್ಸಿಗೆ ಹೋಗಲಿಲ್ಲ.